ಕಾಕಾ ನಕ್ಕ

ಇನ್‌ಸ್ಪೆಕ್ಟರ್ ಮಹಾಂತಯ್ಯನವರ ಹೆಸರು ಕೇಳಿದರೆ ಹುಬ್ಬಳ್ಳಿಯ ಕಳ್ಳರು ಧಾರವಾಡಕ್ಕೆ ಓಡುತ್ತಿದ್ದರು, ಧಾರವಾಡದ ಕಳ್ಳರು ಬೆಳಗಾವಿಗೆ ಓಡುತ್ತಿದ್ದರು. ಬೆಳಗಾವಿಯ ಕಳ್ಳರು ಎಲ್ಲಿಗೆ ಓಡುತ್ತಿದ್ದರೆಂಬುದು ಇಲಾಖೆಗೂ ಗೊತ್ತಿಲ್ಲ. ಸಾಹೇಬರ ಮೀಸೆಯ ಎರಡು ತುದಿಗೆ ಇಬ್ಬರು ರೌಡಿಗಳನ್ನು ಜೋತುಹಾಕಿ ಒಣಗಿಸಬಹುದು ಎಂದು ಹೆಡ್ ಕಾನ್‌ಸ್ಟೇಬಲ್ ಗುಡ್ಡಪ್ಪ ಆಣೆ ಮಾಡಿ ಹೇಳುತ್ತಿದ್ದ. ಇಂಥ ಮಹಾಂತಯ್ಯನವರ ತಲೆಯನ್ನು ಒಂದು ವಾರ ಗಿರಗಿಟ್ಲೆಯಂತೆ ತಿರುಗಿಸಿದ್ದು ಕೊಲೆಯಲ್ಲ, ದರೋಡೆಯಲ್ಲ, ಒಂದು ಸ್ಕೂಟರಿನ ಪಂಕ್ಚರ್.

2025ರ ಸೆಪ್ಟೆಂಬರ್ 15, ಸೋಮವಾರ. ಬೆಳಿಗ್ಗೆ ಹತ್ತೂವರೆಗೆ ಹಳೇ ಪೇಟೆಯ ಅವರ ಠಾಣೆಗೆ ಅಂಬರೀಷ ಸರ್ ಬಂದರು. ಸೈನಿಕ ಶಾಲೆಯಂಥ ವಸತಿ ಶಾಲೆಗಳ ಪ್ರವೇಶ ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡುವ ಮೇಷ್ಟ್ರು. ಮನೆ ಧಾರವಾಡದಲ್ಲಿ. ಮಂಗಳವಾರ ಮತ್ತು ಶುಕ್ರವಾರ ಹುಬ್ಬಳ್ಳಿಗೆ ಬಂದು, ದುರ್ಗದಬೈಲ್ ಹತ್ತಿರದ ಬಾಡಿಗೆ ಹಾಲ್‌ನಲ್ಲಿ ಐದರಿಂದ ಆರರವರೆಗೆ ಕ್ಲಾಸು ತೆಗೆದುಕೊಂಡು, ಅಲ್ಲಿಂದ ಕಮರಿಪೇಟೆಯ ಒಂದು ಮನೆಗೆ ಟ್ಯೂಷನ್ ಹೇಳಲು ಹೋಗುತ್ತಿದ್ದರು. ಅವರ ಕೈಯಲ್ಲಿ ಕಲಿತರೆ ಬೀಸುವ ಕಲ್ಲಿಗೂ ಸೀಟು ಸಿಗುತ್ತದೆಂದು ಪೇಟೆಯ ತಾಯಂದಿರು ನಂಬಿದ್ದರು. ಮಹಾಂತಯ್ಯನವರ ಹೆಂಡತಿಯೂ ನಂಬಿದ್ದರು. ದಸರಾ ರಜೆ ಮುಗಿದ ಕೂಡಲೇ ಮಗಳನ್ನು ಅವರ ಕ್ಲಾಸಿಗೆ ಸೇರಿಸದಿದ್ದರೆ ಇನ್‌ಸ್ಪೆಕ್ಟರ್ ಊಟ ಠಾಣೆಯಲ್ಲೇ ಮಾಡತಕ್ಕದ್ದು ಎಂಬ ಆದೇಶ ಮನೆಯಲ್ಲಿ ಆಗಲೇ ಹೊರಟಿತ್ತು, ಸುದ್ದಿ ಅಂಬರೀಷ ಸರ್‌ಗೂ ಮುಟ್ಟಿತ್ತು.

"ಯಾರೋ ನನ್ನ ಗಾಡಿ ಪಂಕ್ಚರ್ ಮಾಡಾಕತ್ತಾರ್ರಿ ಸರ್. ಒಮ್ಮೆ ಅಲ್ಲ, ಮತ್ತ ಮತ್ತ" ಎಂದರು ಅಂಬರೀಷ ಸರ್.

"ಎಲ್ಲಿ?"

"ಹಾಲ್ ಮುಂದ ಹಚ್ಚಿರತೇನಿ. ಕ್ಲಾಸ್ ಮುಗಿಸಿ ಹೊರಗ ಬಂದ್ರ ಗಾಲಿ ಕುಂತಿರತೈತಿ. ಕಮರಿಪೇಟಿ ಟ್ಯೂಷನ್ ತಪ್ಪತೈತ್ರಿ. ಪಾಪ, ಆ ಹುಡುಗನ ಪರೀಕ್ಷಾ ಹತ್ತರ ಬಂದೈತಿ."

"ಯಾರ ಮ್ಯಾಲ ಸಂಶಯ?"

"ಬ್ಯಾರೆ ಕೋಚಿಂಗ್ ನಡಸೋರು ಅದಾರಲ್ರಿ. ನನ್ನ ಹುಡುಗರು ಪಾಸ್ ಆದ್ರ ಅವರ ಹೊಟ್ಟಿ ಉರಿತೈತಿ."

ಎಫ್‌ಐಆರ್ ಮಾಡುವಷ್ಟು ಗಂಭೀರವಲ್ಲದ ದೂರಿದು. ಬೇರೆ ಯಾರಾದರೂ ತಂದಿದ್ದರೆ ಒಂದು ಸ್ವೀಕೃತಿ ಕೊಟ್ಟು ಕಳಿಸುತ್ತಿದ್ದರು. ಮಹಾಂತಯ್ಯ ಮಾತ್ರ ರಾಷ್ಟ್ರಪತಿಗಳ ಕಾರಿಗೇ ಮೊಳೆ ಚುಚ್ಚಿದ ಹಾಗೆ ಎದ್ದು ನಿಂತರು. ಶುಕ್ರವಾರದಿಂದ ಹಾಲ್ ಮುಂದೆಯೇ ನಿಂತಿದ್ದ ಸ್ಕೂಟರನ್ನು ಠಾಣೆಯ ಅಂಗಳಕ್ಕೆ ತರಿಸಿ, ಇಬ್ಬರು ಪಂಚರನ್ನು ಕರೆಸಿ, ಹಿಂದಿನ ಗಾಲಿಯ ಪಂಚನಾಮೆ ಬರೆಸಿದರು. ರಬ್ಬರಿನಲ್ಲಿ ಸಿಕ್ಕಿಕೊಂಡಿದ್ದ ವಸ್ತುವನ್ನು ಗುಡ್ಡಪ್ಪ ಇಕ್ಕಳದಿಂದ ಎಳೆದ. ಕಾಳಿನ ಚೀಲದ ಬಾಯಿ ಹೊಲಿಯುವ ದಬ್ಬಣ. ಅದರ ಕಣ್ಣಿನಲ್ಲಿ ಇನ್ನೂ ಗೇಣುದ್ದ ಸುತಳಿ ಜೋತಾಡುತ್ತಿತ್ತು.

"ಕಾಳಿನ ಪ್ಯಾಟಿಯವರ ಕೈವಾಡ" ಎಂದು ಮಹಾಂತಯ್ಯ ಮೀಸೆ ಮುಟ್ಟಿಕೊಂಡರು. "ಕೋಚಿಂಗಿನವರು ಹಮಾಲರಿಗೆ ಸುಪಾರಿ ಕೊಟ್ಟಾರ."

ಪಕ್ಕದಲ್ಲಿ ಪಿಎಸ್‌ಐ ರಜನಿ ನಿಂತಿದ್ದರು. ಠಾಣೆಗೆ ಬಂದು ಎರಡು ತಿಂಗಳಾಗಿತ್ತು, ಮಾತು ಕಡಿಮೆ. "ಸರ್, ಇವರು ಧಾರವಾಡದಾಗ ದಿನಾ ಗಾಡಿ ತಗೊಂಡು ಅಡ್ಡಾಡತಾರ. ಅಲ್ಲಿ ಯಾರೂ ಚುಚ್ಚೂದಿಲ್ಲ. ಇಲ್ಲಿ ಟ್ಯೂಷನ್ನಿಗೆ ಹೋಗೂ ಮುಂದನ ಯಾಕ?"

"ವೈರಿ ಹುಬ್ಬಳ್ಳಿಯಾವ ಇದ್ರ ಧಾರವಾಡಕ್ಕ ಹೋಗಿ ಚುಚ್ಚತಾನೇನ್ರಿ, ಬಸ್ ಚಾರ್ಜ್ ಕೊಟ್ಟು?" ಎಂದರು ಮಹಾಂತಯ್ಯ. ತಮ್ಮ ತರ್ಕಕ್ಕೆ ತಾವೇ ಖುಷಿಯಾಗಿ ಇನ್ನೊಂದು ಚಹಾ ಹೇಳಿದರು.

ಮರುದಿನ ಮಂಗಳವಾರ ಸಂಜೆ ಗುಡ್ಡಪ್ಪ ಮಫ್ತಿಯಲ್ಲಿ ದುರ್ಗದಬೈಲಿಗೆ ಹೋದ. ಸಂಶಯ ಬರಬಾರದೆಂದು ಗಿರ್ಮಿಟ್ ಗಾಡಿಯ ಮುಂದೆ ನಿಂತು ಗಿರ್ಮಿಟ್ ತಿಂದ. ಆಮೇಲೂ ಸಂಶಯ ಬರಬಾರದೆಂದು ಮಿರ್ಚಿ ತಿಂದ. ಅವತ್ತು ಗುಡ್ಡಪ್ಪನ ಕರ್ತವ್ಯನಿಷ್ಠೆಗೆ ಹುಬ್ಬಳ್ಳಿಯಲ್ಲಿ ಕಡಲೆಹಿಟ್ಟೇ ಸಾಲದೆ ಹೋಯಿತಂತೆ. ಐದೂವರೆಯ ಸುಮಾರಿಗೆ, ಸುಪಾರಿ ಹಮಾಲನಿಗಾಗಿ ಕಾಯುತ್ತಿದ್ದ ಅವನ ಕಣ್ಣೆದುರಿಗೆ, ಬೆನ್ನಿಗೆ ಸಾಲಿಚೀಲ ಹಾಕಿಕೊಂಡ ಹತ್ತು ವರ್ಷದ ಹುಡುಗನೊಬ್ಬ ಬಂದು ಬೂಟಿನ ಲೇಸು ಕಟ್ಟುವವನಂತೆ ಸ್ಕೂಟರಿನ ಪಕ್ಕ ಕುಳಿತ. ಗಾಲಿ ಉಸ್ಸೆಂದಿತು.

ಈ ಹುಡುಗನ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಮನೆಯವರ ಹೆಸರುಗಳೂ ನಿಜವಾದವಲ್ಲ.

ಗುಡ್ಡಪ್ಪ ಹುಡುಗನ ಕೈ ಹಿಡಿದು, ಇನ್ನೊಂದು ಕೈಯಲ್ಲಿ ಉಳಿದ ಮಿರ್ಚಿಯ ಪೊಟ್ಟಣ ಹಿಡಿದು ಠಾಣೆಗೆ ಬಂದ.

"ಸಣ್ಣ ಹುಡುಗನ್ನ ಠಾಣೇಕ್ಯಾಕ ತಂದ್ರಿ ಗುಡ್ಡಪ್ಪನವರ? ಸೀದಾ ಮನಿಗೆ ಕರಕೊಂಡು ಹೋಗಬೇಕಿತ್ತು" ಎಂದು ರಜನಿ ಸಿಟ್ಟಾದರು.

"ದೊಡ್ಡ ಗ್ಯಾಂಗ್ ಇರಬೇಕಂತ ತಂದೇನ್ರಿ ಮೇಡಂ."

ಮಹಾಂತಯ್ಯ ಹುಡುಗನನ್ನು ಕುರ್ಚಿಯ ಮೇಲೆ ಕೂರಿಸಿದರು. ಅವನ ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ. ವಿಚಾರಿಸಿದಾಗ ತಿಳಿಯಿತು: ಕಮರಿಪೇಟೆಯ ಕಾಳಿನ ವ್ಯಾಪಾರಿ ಕುಮಾರಸ್ವಾಮಿಯವರ ಮಗ. ಅಂಬರೀಷ ಸರ್ ಟ್ಯೂಷನ್ ಹೇಳಲು ಹೋಗುತ್ತಿದ್ದದ್ದು ಇವನ ಮನೆಗೇ.

"ಯಾರ ಹೇಳಿಕೊಟ್ರು?"

"ಯಾರೂ ಇಲ್ರಿ."

"ದಬ್ಬಣ ಎಲ್ಲೀದು?"

"ನಮ್ಮ ಅಂಗಡೀದು."

"ಯಾಕ ಚುಚ್ಚಿದಿ?"

ಹುಡುಗ ತಲೆ ತಗ್ಗಿಸಿ ಬೂಟು ನೋಡಿದ.

"ಜೈಲಿಗೆ ಹಾಕಲೇನು?" ಎಂದು ಮಹಾಂತಯ್ಯ ಕಣ್ಣು ದೊಡ್ಡದು ಮಾಡಿದರು. ಆ ಕಣ್ಣಿಗೆ ಎಂತೆಂಥ ಗಂಡಸರು ನೀರು ಕೇಳಿದ್ದರು. ಹುಡುಗ ಮಾತ್ರ ಮೊದಲ ಸಲ ಮುಖ ಎತ್ತಿ ನೋಡಿದ.

"ಜೈಲಿನ್ಯಾಗ ಟ್ಯೂಷನ್ ಇರತೈತೇನ್ರಿ?"

"ಇಲ್ಲ."

"ಹಂಗಾರ ಹಾಕ್ರಿ."

ಠಾಣೆಗೆ ಠಾಣೆಯೇ ನಕ್ಕಿತು. ಗುಡ್ಡಪ್ಪ ಮಿರ್ಚಿ ಗಂಟಲಿಗೆ ಸಿಕ್ಕಿ ಕೆಮ್ಮಿದ. ಮಹಾಂತಯ್ಯ ನಕ್ಕ ನಗೆಗೆ ಗೋಡೆಯ ಮೇಲಿನ ಕ್ಯಾಲೆಂಡರು ಅಲುಗಾಡಿತು. ನಗದವರು ಇಬ್ಬರೇ, ಹುಡುಗ ಮತ್ತು ರಜನಿ.

ಮಹಾಂತಯ್ಯ ಅಂಬರೀಷ ಸರ್‌ಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು. "ಸಿಕ್ಕಾನ್ರಿ ಸರ್ ನಿಮ್ಮ ವೈರಿ! ನಿಮ್ಮ ಕಮರಿಪೇಟಿ ಶಿಷ್ಯಾನ!"

ಆ ಕಡೆ ಬಾಗಿಲು ಹಾಕಿದ ಸದ್ದಾಯಿತು. ಆಮೇಲೆ ನಗು. "ಅಯ್ಯ, ನಮ್ಮ ಹುಡುಗನ? ಬಿಡ್ರಿ ಸರ್, ಸಣ್ಣದು. ಬೈಬ್ಯಾಡ್ರಿ ಅವಂಗ. ನಾನ ಬಂದು ಕರಕೊಂಡು ಹೋಗತೇನಿ."

ಎಂಥ ದೊಡ್ಡ ಮನಸ್ಸು ಎಂದು ಮಹಾಂತಯ್ಯನವರ ಎದೆ ತುಂಬಿಬಂತು. ರಜನಿ ನೋಡುತ್ತಿದ್ದದ್ದು ಹುಡುಗನ ಕೈಗಳನ್ನು. ಅವು ಕುರ್ಚಿಯ ಅಂಚನ್ನು ಬಿಗಿಯಾಗಿ ಹಿಡಿದು ಬೆಳ್ಳಗಾಗಿದ್ದವು. ಪೊಲೀಸರಿಗೆ ಅಂಜದ ಹುಡುಗ ಆ ದನಿಗೆ ಅಂಜಿದ್ದ.

"ಬ್ಯಾಡ್ರಿ. ನಾವ ಮನಿಗೆ ಬಿಡತೇವಿ" ಎಂದು ರಜನಿ ಫೋನಿನ ಕಡೆ ಬಾಗಿ ಹೇಳಿದರು.

ದಾರಿಯಲ್ಲಿ ರಜನಿ ಹುಡುಗನ ಜೊತೆ ನಡೆದೇ ಹೋದರು. ಏನನ್ನೂ ಒತ್ತಿ ಕೇಳಲಿಲ್ಲ. ಮನೆ ಹತ್ತಿರ ಬಂದಾಗ ಒಂದೇ ಮಾತು ಕೇಳಿದರು. "ಟ್ಯೂಷನ್ ಬ್ಯಾಡ ಅಂತ ಮನ್ಯಾಗ ಯಾರಿಗರ ಹೇಳಿದ್ದೇನಪಾ?"

"ಕಾಕಾಗ ಹೇಳಿದ್ದೆ."

"ಏನಂದ?"

"ಕಾಕಾ ನಕ್ಕ."

ಅಷ್ಟು ಹೇಳಿ ಹುಡುಗ ಒಳಗೆ ಓಡಿದ.

ಕಮರಿಪೇಟೆಯ ಆ ಮನೆ ಅಣ್ಣತಮ್ಮಂದಿರು ಒಟ್ಟಿಗಿದ್ದ ಮನೆ. ದೊಡ್ಡಣ್ಣ ತೀರಿಹೋಗಿ, ಅವನ ಮಕ್ಕಳು ದೊಡ್ಡವರಾಗಿ ಕೆಲಸಕ್ಕೆ ಹೋಗಿದ್ದರು. ಈಗ ಇದ್ದವರು ನಡುವಿನವನಾದ ಕುಮಾರಸ್ವಾಮಿ, ಅವನ ಹೆಂಡತಿ ರಾಜೇಶ್ವರಿ, ಈ ಹುಡುಗ, ಕುಮಾರಸ್ವಾಮಿಯ ಇನ್ನೂ ಮದುವೆಯಾಗದ ತಮ್ಮ ಬಸಲಿಂಗ, ಮತ್ತು ಎಲ್ಲರಿಗೂ ಮೇಲೆ ಅಜ್ಜಿ ಮುರಿಗೆವ್ವ. ಸ್ವಲ್ಪ ಹೊತ್ತಿಗೆ ಗುಡ್ಡಪ್ಪನನ್ನು ಹಿಂದಿಟ್ಟುಕೊಂಡು ಮಹಾಂತಯ್ಯ ಜೀಪಿನಲ್ಲಿ ಬಂದಾಗ ಅಜ್ಜಿ ಉಪ್ಪು, ಒಣ ಮೆಣಸಿನಕಾಯಿ ಹಿಡಿದು ಮೊಮ್ಮಗನಿಗೆ ನಿವಾಳಿಸುತ್ತಿದ್ದಳು.

"ನದರ ಆಗೇತ್ರಿ ಸಾಹೇಬರ" ಎಂದಳು. "ಸೈನಿಕ ಸಾಲಿಗೆ ಹೊಂಟಾನಂತ ಓಣಿ ಮಂದಿ ಕಣ್ಣ ಹಾಕ್ಯಾರ. ಊಟ ಬಿಟ್ಟಾನ. ರಾತ್ರಿ ಚಿಟ್ಟನ ಚೀರತಾನ. ಇಷ್ಟ ದೊಡ್ಡಾವಾಗಿ ಹಾಸಿಗಿ ತೋಯಿಸಾಕತ್ತಾನ. ಇಂಥಾ ಸೆಕಿಯಾಗ ಒಂದರ ಮ್ಯಾಲೊಂದು ಎರಡೆರಡು ಚಡ್ಡಿ ಹಾಕ್ಕೊಂಡು ಮಲಗತಾನ. ಪ್ರತಿ ಅಮಾಸಿಗೆ ತೆಗದು ಹಾಕೇನಿ, ನದರ ಹೋಗವಲ್ದು."

ಮಹಾಂತಯ್ಯ ತಲೆಯಾಡಿಸಿದರು. ಅವರ ಮಗಳಿಗೂ ಒಮ್ಮೆ ನದರಾಗಿತ್ತು. ರಜನಿ ತಲೆಯಾಡಿಸಲಿಲ್ಲ.

"ಯಾವಾಗಿಂದ ಅಜ್ಜಿ?"

"ಮಳಿಗಾಲ ಹಿಡದಾಗಿಂದ."

"ಟ್ಯೂಷನ್ ಯಾವಾಗಿಂದ?"

"ಅದೂ ಅವಾಗಿಂದನ. ಪಾಪ, ಸರ್ ಬಂದ್ರ ನಾವ್ಯಾರೂ ಮ್ಯಾಲ ಹೋಗೂದಿಲ್ಲ. ಬಾಗಲಾ ಹಾಕ್ಕೊಂಡು ಕಲಸತಾರ. ಹುಡುಗನ ಲಕ್ಷ್ಯ ಕೆಡಬಾರದಂತ."

ಹೊರಗೆ ಬಂದು ರಜನಿ ತಮಗೆ ಅನಿಸಿದ್ದನ್ನು ಹೇಳಿದಾಗ ಮಹಾಂತಯ್ಯನವರಿಗೆ ಜೀಪಿನ ಬಾಗಿಲು ಯಾವ ಕಡೆ ತೆರೆಯುತ್ತದೆಂಬುದೇ ಮರೆತುಹೋಯಿತು.

"ಗಂಡು ಹುಡುಗ್ರೀ ಅವಾ!" ಎಂದರು.

"ಗಂಡು ಹುಡುಗರಿಗೂ ಆಗತೈತ್ರಿ ಸರ್. ಯಾರೂ ಕೇಳೂದಿಲ್ಲಂತ ಗೊತ್ತಾಗೂದಿಲ್ಲ, ಅಷ್ಟ."

ಅಂಬರೀಷ ಸರ್? ದೂರು ಕೊಟ್ಟವರೇ? ತಪ್ಪು ಮಾಡಿದವನು ತಾನಾಗಿ ಠಾಣೆಯ ಮೆಟ್ಟಿಲು ಹತ್ತುತ್ತಾನೆಯೇ? ಮಹಾಂತಯ್ಯನವರ ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಅಂಥ ಅಪರಾಧಿ ಹುಟ್ಟಿಯೇ ಇರಲಿಲ್ಲ. ಅವರ ಬುದ್ಧಿ ಕಂಗಾಲಾಗಿ, ಕತ್ತಲಲ್ಲಿ ಕೈಯಾಡಿಸಿ, ಕೊನೆಗೆ ಒಂದು ಮಾತನ್ನು ಹಿಡಿದುಕೊಂಡಿತು. ಕಾಕಾ ನಕ್ಕ. ಯಾವ ಕಾಕಾ? ಅಪ್ಪನ ತಮ್ಮ ಬಸಲಿಂಗ. ಇಪ್ಪತ್ತಾರು ವರ್ಷ, ವ್ಯಾಯಾಮ ಶಾಲೆಯ ಮೈ, ರಾತ್ರಿ ಹುಡುಗನ ಜೊತೆ ಮಲಗುವುದು ಟ್ಯೂಷನ್ ನಡೆಯುವ ಅದೇ ಮೇಲಿನ ಖೋಲಿಯಲ್ಲಿ.

"ಇವನ ಇರಬೇಕು. ಹುಡುಗ ಕೇಳಿಕೊಂಡಾಗ ನಕ್ಕಾನಂದ್ರ ಇನ್ನೇನೈತಿ?"

ಕಾಕಾ ಎಂದರೆ ಬಸಲಿಂಗನೇ ಎಂಬುದನ್ನು ರಜನಿಯೂ ಅನುಮಾನಿಸಲಿಲ್ಲ. ಅವರು ಬಳ್ಳಾರಿ ಕಡೆಯವರು.

ಗುರುವಾರ ಬೆಳಿಗ್ಗೆ ಬಸಲಿಂಗನನ್ನು ಠಾಣೆಗೆ ಕರೆಸಿದರು. ಮನೆಯವರಿಗೆ ಕಾರಣ ಹೇಳಲಿಲ್ಲ. ಕುಮಾರಸ್ವಾಮಿ ಅವತ್ತು ನಸುಕಿನಲ್ಲೇ ಹೆಸರು ಖರೀದಿಗೆಂದು ಗದಗಕ್ಕೆ ಹೋಗಿದ್ದ.

"ಹುಡುಗ ನಿನಗ ಟ್ಯೂಷನ್ ಬ್ಯಾಡಂತ ಹೇಳಿದಾಗ ಯಾಕ ನಕ್ಕಿ?"

"ನನಗ? ಏನೂ ಹೇಳಿಲ್ರಿ."

"ನೀ ನಕ್ಕಿ."

"ನಾ ಯಾವಾಗ ನಕ್ಕೇನ್ರಿ? ಹೆಣ್ಣ ನೋಡಾಕ ಹ್ವಾದಲ್ಲೂ ನಗೂದಿಲ್ಲಂತ ಮೂರು ಮಂದಿ ಬ್ಯಾಡಂದಾರ ನನ್ನ."

ಬಸಲಿಂಗನ ಉತ್ತರಗಳೆಲ್ಲ ಹೀಗೇ. ಮಹಾಂತಯ್ಯ ಒಂದೇ ಪ್ರಶ್ನೆಯನ್ನು ನೂರು ದಿಕ್ಕಿನಿಂದ ಕೇಳಿದರು, ನೂರು ದಿಕ್ಕಿನಿಂದಲೂ ಅದೇ ಉತ್ತರ ಬಂತು. ಮಧ್ಯಾಹ್ನ ಅಂಬರೀಷ ಸರ್ ತಾವಾಗಿ ಫೋನ್ ಮಾಡಿ ಹುಡುಗ ಹೇಗಿದ್ದಾನೆಂದು ಕೇಳಿದರು. ಬಸಲಿಂಗನ ಹೆಸರು ಬಂದಾಗ ನಿಟ್ಟುಸಿರು ಬಿಟ್ಟರು. "ಹೇಳಬಾರದಂತಿದ್ದೆ ಸರ್. ನನಗೂ ಅವನ ಮ್ಯಾಲ ಸಂಶಯ ಇತ್ತು. ಹುಡುಗ ಖೋಲ್ಯಾಗ ಅಂಜತಿದ್ದ. ನಾಳೆ ಶುಕ್ರವಾರ, ಕ್ಲಾಸಿಗೆ ಬರತೇನಲ್ರಿ, ನಾನ ಸಮಾಧಾನ ಹೇಳತೇನಿ."

ಮಹಾಂತಯ್ಯನವರಿಗೆ ಇದು ಛಲೋ ಅನಿಸಿತು. ಬಂದುಬಿಡಿ ಎಂದರು.

ಅದೇ ಹೊತ್ತಿಗೆ ಕಮರಿಪೇಟೆಯಲ್ಲಿ ರಜನಿ ಚೂಡಿದಾರ ಹಾಕಿಕೊಂಡು ಹುಡುಗನ ಪಕ್ಕ ಕುಳಿತಿದ್ದರು. ರಾಜೇಶ್ವರಿ ಒಳಗೆ ಚಹಾಕ್ಕಿಟ್ಟಿದ್ದಳು. ಹುಡುಗ ಇವತ್ತು ಸ್ವಲ್ಪ ಹಗುರಾಗಿದ್ದ, ತನ್ನ ಗೋಲಿಗಳನ್ನು ತೋರಿಸಿದ. ಇನ್ನೊಂದು ಮಾತು ಹೇಳುವವನಂತೆ ಬಾಯಿ ತೆರೆದ. ಅವನಿಗೆ ಧೈರ್ಯ ಬರಲೆಂದು ರಜನಿ ಅಂದರು, "ಅಂಜಬ್ಯಾಡಪಾ. ಕಾಕಾ ಈಗ ಠಾಣ್ಯಾಗದಾನ. ಇನ್ನ ನಗೂದಿಲ್ಲ."

ಹುಡುಗನ ಮುಖ ಬಿಳಿಚಿತು. "ಕಾಕಾನ್ನ ಹಿಡದೀರಿ?" ಎಂದ.

ಅದೇ ಕೊನೆ. ಆಮೇಲೆ ಬಾಯಿಯೇ ತೆರೆಯಲಿಲ್ಲ. ಚಹಾ ಬಂದರೂ, ಅಜ್ಜಿ ಬಂದರೂ, ರಾತ್ರಿ ರೊಟ್ಟಿ ಮುಂದಿಟ್ಟರೂ ಮಾತಿಲ್ಲ. ಏನು ತಪ್ಪಿತು, ಯಾವ ಪದ ತಪ್ಪಿತು ಎಂದು ರಜನಿಗೆ ತಿಳಿಯಲಿಲ್ಲ. ಮಾತಾಡತೊಡಗಿದ್ದ ಹುಡುಗನ ಬಾಯಿಯನ್ನು ತಾವೇ ಮುಚ್ಚಿದೆವೆಂಬುದಷ್ಟೇ ತಿಳಿಯಿತು.

ಶುಕ್ರವಾರ ಮಧ್ಯಾಹ್ನ ರಜನಿ ನೇರವಾಗಿ ಹೇಳಿದರು. "ಸರ್, ಇವತ್ತ ಆರಕ್ಕ ಆ ಬಾಗಲಾ ಮತ್ತ ಹಾಕೂ ಹಂಗಿಲ್ಲ. ನಂದು ತಪ್ಪಿದ್ರ ತಪ್ಪಿರಲಿ. ನಿಮ್ಮದು ತಪ್ಪಿದ್ರ ಹುಡುಗ ಏನ ಮಾಡಬೇಕು?"

ಮಹಾಂತಯ್ಯ ಕುರ್ಚಿಯಿಂದ ಎದ್ದರು. ಮೀಸೆ ಮುಟ್ಟಿಕೊಳ್ಳಲು ಹೋದ ಕೈ ಅರ್ಧದಲ್ಲೇ ನಿಂತಿತು. ನಾಲ್ಕು ಗಂಟೆಗೆ ಇಬ್ಬರೂ ಕಮರಿಪೇಟೆಗೆ ಹೋದರು. ಹುಡುಗ ಕಂಬಕ್ಕೆ ಆನಿಕೊಂಡು ಕುಳಿತಿದ್ದ, ನೋಡಿದರೂ ನೋಡದ ಹಾಗೆ. ಮಹಾಂತಯ್ಯ ಎದುರಿಗೆ ಕುಳಿತು, ಹೇಗೆ ಮಾತು ಶುರು ಮಾಡುವುದೆಂದು ತಿಳಿಯದೆ ಗೋಲಿಗಳನ್ನು ಉರುಳಿಸುತ್ತಿದ್ದರು.

ಹೊರಗೆ ಟೆಂಪೊ ನಿಂತ ಸದ್ದಾಯಿತು. ಗದಗದಿಂದ ಬಂದ ಕುಮಾರಸ್ವಾಮಿ, ಮೈಯೆಲ್ಲ ಚೀಲದ ಧೂಳು, ಹೊಸ್ತಿಲ ಮೇಲೆ ಕಾಲಿಟ್ಟ.

ಹುಡುಗ ಎದ್ದ. "ಕಾಕಾ!" ಎಂದು ಚೀರಿದ. ಓಡಿ ಹೋಗಿ ತನ್ನ ತಂದೆಯ ಸೊಂಟಕ್ಕೆ ಜೋತುಬಿದ್ದ. "ಬಿಟ್ರೇನು ಕಾಕಾ? ನಾ ಹಿಡಸಿಲ್ಲ ನಿನ್ನ. ನಾ ಏನೂ ಹೇಳಿಲ್ಲ."

ಮಹಾಂತಯ್ಯನವರ ಕೈಯಿಂದ ಗೋಲಿ ಜಾರಿ ನಡುಮನೆಯ ಆಚೆ ತುದಿಯವರೆಗೆ ಉರುಳಿತು.

"ತಾಯಿ, ಇವ... ಇವ ತಂದೀಗ ಏನಂತ ಕರೀತಾನ?"

"ಕಾಕಾ ಅಂತಾನ್ರಿ" ಎಂದಳು ರಾಜೇಶ್ವರಿ, ಇದರಲ್ಲೇನಿದೆ ಎಂಬಂತೆ. "ನಮ್ಮ ಭಾವನ ಮಕ್ಕಳು ಕಾಕಾ ಅಂತಿದ್ರು. ಕೂಸು ಅದನ್ನ ಕೇಳಿ ಕಲತ್ತು. ಬಸಲಿಂಗಗ ಅಣ್ಣಾ ಅಂತಾನ."

ಹುಬ್ಬಳ್ಳಿ-ಧಾರವಾಡದ ನೂರಾರು ಮನೆಗಳಲ್ಲಿ ಹೀಗೇ ಇದೆ. ಇಲ್ಲೇ ಹುಟ್ಟಿ ಬೆಳೆದ ಮಹಾಂತಯ್ಯ ಸ್ವತಃ ತಮ್ಮ ತಂದೆಯನ್ನು ಹದಿನಾರು ವರ್ಷ 'ಅಣ್ಣಾ' ಎಂದು ಕರೆದಿದ್ದರು. ಕಳ್ಳರ ಜಾತಕ ಬಾಯಿಪಾಠ ಇದ್ದ ತಲೆಯಲ್ಲಿ ಅದೊಂದು ಮಾತು ಹೊಳೆದಿರಲಿಲ್ಲ.

ಅವರು ಕುಮಾರಸ್ವಾಮಿಯನ್ನು ಕಟ್ಟೆಗೆ ಕರೆದೊಯ್ದರು. ದನಿ ಅವರದೇ ಅನಿಸದಷ್ಟು ಸಣ್ಣಗಿತ್ತು. "ಟ್ಯೂಷನ್ ಬ್ಯಾಡಂತ ಹುಡುಗ ನಿಮಗ ಹೇಳಿದ್ನೇನು?"

"ಹೇಳಿದ್ದ. ಹುಡುಗರು ಹೇಳತಾವಲ್ರಿ."

"ಏನಂತ?"

ಕುಮಾರಸ್ವಾಮಿ ನೆನಪು ಮಾಡಿಕೊಂಡ. "ಸರ್ ಬಾಳ ಹತ್ತರ ಕುಂದರಸ್ಕೋತಾರ ಅಂದಿದ್ದ. ಅಷ್ಟ ಮುದ್ದ ಮಾಡತಾರಲಾ ನಿನ್ನ, ನಸೀಬವಂತ ಅದಿ ಅಂದೆ." ಅಲ್ಲಿಗೆ ಅವನ ಮಾತು ನಿಂತಿತು. ಎದುರಿಗಿದ್ದ ಇಬ್ಬರು ಪೊಲೀಸರ ಮುಖ ನೋಡಿದ. ಮಾಳಿಗೆಯ ಮೇಲಿನ ಖೋಲಿಯ ಬಾಗಿಲು ನೋಡಿದ. "ನಾ ನಕ್ಕಿದ್ನಿ" ಎಂದ. ಚೀಲದ ಧೂಳು ಹಿಡಿದ ಕೈಯಿಂದಲೇ ಬಾಯಿ ಮುಚ್ಚಿಕೊಂಡ.

"ಈಗ ಅಳಬ್ಯಾಡ್ರಿ" ಎಂದರು ರಜನಿ. "ನೀವು ಅತ್ರ ಅವಾ ಮತ್ತ ಅಂಜಿ ಬಾಯಿ ಮುಚ್ಚತಾನ. ಸಿಟ್ಟೂ ಬ್ಯಾಡ. ಅವನ ಮಾತು ಖರೇ ಅಂತ ನಂಬೀರಿ ಅನ್ನೂದಷ್ಟ ಹೇಳ್ರಿ. ಉಳದದ್ದು ಅವಗ ಬಿಡ್ರಿ."

ಕುಮಾರಸ್ವಾಮಿ ಮುಖ ತೊಳೆದುಕೊಂಡು ಬಂದು ಮಗನ ಮುಂದೆ ನೆಲದ ಮೇಲೆ ಕುಳಿತ. "ಅವತ್ತ ನೀ ಹೇಳಿದಾಗ ನಾ ನಕ್ಕೆ. ಅದು ನಂದು ತಪ್ಪು, ನಿಂದಲ್ಲ. ಈಗ ನಗೂದಿಲ್ಲ. ನೀ ಹೇಳಿದ್ರ ನಾ ನಂಬತೇನಿ. ಇವತ್ತ ಬ್ಯಾಡಂದ್ರ ನಾಳೆ ಹೇಳು."

ಹುಡುಗ ಬಹಳ ಹೊತ್ತು ತಂದೆಯ ಬಾಯಿಯನ್ನೇ ನೋಡಿದ. ಆಮೇಲೆ ತಾಯಿಯ ಕೈ ಹಿಡಿದುಕೊಂಡು ರಜನಿಯ ಮುಂದೆ ಹೇಳಿದ. ಅವನು ಹೇಳಿದ್ದೇನೆಂಬುದು ಅವನ ಮಾತಿನಲ್ಲೇ ಬರೆದು, ಓದಿ ಹೇಳಿ, ಮೊಹರು ಹಾಕಿದ ಲಕೋಟೆಯಲ್ಲಿದೆ. ಅದನ್ನು ತೆರೆಯುವ ಹಕ್ಕು ನ್ಯಾಯಾಲಯದ್ದು, ಕತೆಯದ್ದಲ್ಲ.

ಆರು ದಾಟಿ ಸ್ವಲ್ಪ ಹೊತ್ತಿಗೆ ಓಣಿಯಲ್ಲಿ ಸ್ಕೂಟರಿನ ಸದ್ದು ಕೇಳಿತು. ಅವತ್ತು ಗಾಲಿಗೆ ಯಾರೂ ಚುಚ್ಚಿರಲಿಲ್ಲ. ಠಾಣೆಯಿಂದ ಕರೆಸಿದ್ದ ಗುಡ್ಡಪ್ಪ ಬಾಗಿಲಲ್ಲಿ ಅಡ್ಡ ನಿಂತಿದ್ದ.

"ಇವತ್ತ ಕ್ಲಾಸ್ ಇಲ್ರಿ."

"ಸಾಹೇಬರ ಬಾ ಅಂದಾರ."

"ಹೌದ್ರಿ, ಸಾಹೇಬರ ಬಾ ಅಂದಾರ. ಇಲ್ಲಲ್ಲ, ಠಾಣೇಕ."

ಪೋಕ್ಸೊ ಕಾಯ್ದೆಯ ಅಡಿ ಎಫ್‌ಐಆರ್ ದಾಖಲಾಯಿತು. ಮಕ್ಕಳ ಕಲ್ಯಾಣ ಸಮಿತಿಗೆ ಅಂದೇ ವರದಿ ಹೋಯಿತು. ಠಾಣೆಯಲ್ಲಿ ಅಂಬರೀಷ ಮೊದಲು ನಕ್ಕ. ಆಮೇಲೆ ಬಸಲಿಂಗನ ಹೆಸರು ತೆಗೆದ. ಆಮೇಲೆ ಮಹಾಂತಯ್ಯನವರ ಮಗಳ ಅಡ್ಮಿಷನ್ ಬಗ್ಗೆ ಕೇಳಿದ. ಆಗ ಮಹಾಂತಯ್ಯ ಎದ್ದು ನಿಂತರು. ಹುಬ್ಬಳ್ಳಿಯನ್ನೇ ನಡುಗಿಸುವ ಗುಡುಗು ಈಗ ಬರುತ್ತದೆಂದು ಗುಡ್ಡಪ್ಪ ಕಿವಿ ಮುಚ್ಚಿಕೊಂಡ. ಗುಡುಗು ಬರಲಿಲ್ಲ. ಬಂಧನದ ಕಾರಣಗಳನ್ನು ಓದಿ ಹೇಳಿ, ಸಹಿ ತೆಗೆದುಕೊಳ್ಳಿ ಎಂದಷ್ಟೇ ರಜನಿಗೆ ಹೇಳಿ ಅವರು ಹೊರಗೆ ಹೋಗಿ ನಿಂತರು.

ಹಿಂದಿನ ರಾತ್ರಿಯೇ ಮನೆಗೆ ಕಳಿಸಿದ್ದ ಬಸಲಿಂಗ ಅಲ್ಲೇ ಮೆಟ್ಟಿಲ ಮೇಲಿದ್ದ. ವಿಷಯ ಗೊತ್ತಾಗಿ, ಅಣ್ಣನ ಜೊತೆ ಬಂದಿದ್ದ.

"ತಪ್ಪಾತಪಾ" ಎಂದರು ಮಹಾಂತಯ್ಯ.

"ನನ್ನ ಒಂದ ದಿನಾ ಕುಂದರಿಸಿದ್ದಕ್ಕೇನಿಲ್ರಿ" ಎಂದ ಬಸಲಿಂಗ. "ಅದ ಖೋಲ್ಯಾಗ ನಾನೂ ಮಲಗತಿದ್ನಿ. ಹುಡುಗ ರಾತ್ರಿ ಚೀರಿದ್ರ, ಸುಮ್ನ ಮಲ್ಕೊ ಅಂತಿದ್ನಿ. ಅದನ್ನ ಯಾರಿಗೆ ಕೇಳಲಿ?"

ತನಿಖೆ ಮುಂದುವರಿಯಿತು. ಮೇಲಿನ ಖೋಲಿಯ ಪಂಚನಾಮೆ ಆಯಿತು. ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡೇ ವೈದ್ಯರು ಹುಡುಗನನ್ನು ನೋಡಿದರು. ಮ್ಯಾಜಿಸ್ಟ್ರೇಟರ ಮುಂದೆ ಅವನು ಒಂದೇ ಸಲ ಹೇಳಿಕೆ ಕೊಟ್ಟ. ಹಾಲ್‌ನ ಕ್ಲಾಸಿಗೆ ಬರುತ್ತಿದ್ದ ಮಕ್ಕಳ ಮನೆಗಳಿಗೆ ರಜನಿ, ಮಕ್ಕಳ ರಕ್ಷಣಾ ಘಟಕದ ಆಪ್ತಸಮಾಲೋಚಕಿ ಶಹಜಹಾನಬೇಗಂ ಅವರನ್ನು ಕರೆದುಕೊಂಡು ಹೋದರು. ಇನ್ನೂ ಇಬ್ಬರು ಮಕ್ಕಳು ಬಾಯಿಬಿಟ್ಟರು. ಆ ಎರಡು ಮನೆಗಳಲ್ಲೂ ಹಿಂದೆ ಸರ್ ಟ್ಯೂಷನ್ನಿಗೆಂದು ಬಂದಾಗ ಟಿವಿ ಬಂದ್ ಮಾಡಿ, ಬೆರಳ ತುದಿಯ ಮೇಲೆ ನಡೆಯುತ್ತಿದ್ದರು.

ಏನು ಪ್ರೇರಣೆ ಎಂದು ಮಹಾಂತಯ್ಯ ಅಂಬರೀಷನನ್ನು ಹಲವು ಸಲ ಕೇಳಿದರು. ಬಾಲ್ಯದಲ್ಲಿ ಏನಾದರೂ ಆಗಿತ್ತೇ, ಮನಸ್ಸಿನ ಕಾಯಿಲೆಯೇ, ಏನಾದರೂ ಒಂದು ಕಾರಣ ಸಿಕ್ಕರೆ ತಮ್ಮ ಗೊಂದಲಕ್ಕೆ ತಳ ಸಿಕ್ಕೀತೆಂದು ಕಾದರು. ಸಿಗಲಿಲ್ಲ. ಒಂದು ದಿನ ಮಾತ್ರ ಅವನು ಹೇಳಿದ, ಪಾಠ ಹೇಳುವ ದನಿಯಲ್ಲೇ, "ಮೊದಲ ಒಂದ ಸಣ್ಣ ಮಾತು ಮನ್ಯಾಗ ಹೋಗಿ ಹೇಳತಾವ್ರಿ ಹುಡುಗರು. ನಾ ಕಾಯತಿದ್ದೆ. ಅಪ್ಪ ಅವ್ವ ಏನಂತಾರ ನೋಡತಿದ್ದೆ. ಮರುದಿನ ನನಗ ಅದ ಚಹಾ, ಅದ ಉಪ್ಪಿಟ್ಟು ಬಂತಂದ್ರ, ಅಷ್ಟ ಸಾಕಿತ್ತು." ಪಂಕ್ಚರ್ ದೂರನ್ನೂ ಅವನು ಅದೇ ಧೈರ್ಯದಲ್ಲಿ ಕೊಟ್ಟಿದ್ದ. ಊರೇ ಚಹಾ ಕೊಡುವಾಗ ಪೊಲೀಸರೂ ಕೊಡುತ್ತಾರೆಂದು. ಕೊಟ್ಟಿದ್ದರು ಕೂಡ.

ಅವತ್ತು ಮನೆಗೆ ಹೋದ ಮಹಾಂತಯ್ಯ ಮಗಳ ಪಕ್ಕ ಕುಳಿತು ಏನು ಕೇಳಬೇಕೆಂದು ತಿಳಿಯದೆ, ಗಣಿತದ ಹೋಮ್‌ವರ್ಕ್ ಕೇಳಿ ಎದ್ದುಬಂದರು. ಮರುದಿನ ಶಹಜಹಾನಬೇಗಂ ಅವರನ್ನು ಕೇಳಿದರು.

"ನೀವು ಕೇಳಬ್ಯಾಡ್ರಿ ಸಾಹೇಬರ" ಎಂದರು ಆಕೆ. "ಆಕಿ ಹೇಳೂ ಸಣ್ಣ ಸಣ್ಣ ಮಾತು ಪೂರಾ ಕೇಳ್ರಿ. ಸಾಲ್ಯಾಗ ಪೆನ್ಸಿಲ್ ಕಳದದ್ದು, ಗೆಳತಿ ಸಿಟ್ಟಾಗಿದ್ದು. ದೊಡ್ಡ ಮಾತು ಹೇಳೂ ಮುಂದ ಮಕ್ಕಳು ನಮ್ಮನ್ನ ಸಣ್ಣ ಮಾತಿನ್ಯಾಗ ತೂಗಿ ನೋಡತಾವು."

ಕಮರಿಪೇಟೆಯ ಹುಡುಗನಿಗೂ ಒಂದೇ ದಿನದಲ್ಲಿ ಎಲ್ಲ ಸರಿಹೋಗಲಿಲ್ಲ. ಶಹಜಹಾನಬೇಗಂ ವಾರ ವಾರ ಬಂದರು, ಗೋಲಿ ಆಡಿದರು, ಸೋತರು. ಕೆಲವು ದಿನ ಅವನು ಸಾಲಿಗೆ ಹೋಗಲಿಲ್ಲ. ಕೆಲವು ದಿನ ಕಾರಣವಿಲ್ಲದೆ ತಾಯಿಯನ್ನು ಹೊಡೆದ. ಹೊಡೆದಾಗ ಬೈಯಬೇಡಿ, ಕೈ ಹಿಡಿದುಕೊಂಡು ಪಕ್ಕ ಕುಳಿತುಕೊಳ್ಳಿ ಎಂದು ಮನೆಯವರಿಗೆ ಕಲಿಸಿದರು. ಮುರಿಗೆವ್ವ ನದರು ತೆಗೆಯುವುದನ್ನು ಬಿಡಲಿಲ್ಲ, ಆದರೆ ಈಗ ತೆಗೆದಾದ ಮೇಲೆ ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಏನಾತು ಹೇಳು ಎನ್ನುತ್ತಿದ್ದಳು. ಮೇಲಿನ ಖೋಲಿಯ ಬಾಗಿಲನ್ನು ಬಸಲಿಂಗ ಚೌಕಟ್ಟಿನಿಂದಲೇ ಕಿತ್ತು ಹಾಕಿದ. ಸೈನಿಕ ಶಾಲೆಯ ಮಾತು ಮನೆಯಲ್ಲಿ ನಿಂತಿತು.

ಜನವರಿಯಲ್ಲಿ ಒಂದು ಸಂಜೆ, ನ್ಯಾಯಾಲಯದ ಸಮನ್ಸ್ ಕೊಡಲು ಮಹಾಂತಯ್ಯ ತಾವೇ ಕುಮಾರಸ್ವಾಮಿಯ ಅಂಗಡಿಗೆ ಹೋದರು. ಪೇಟೆ ತುಂಬಿತ್ತು. ಹೊಸ ಜೋಳ ಬಂದಿತ್ತು. ಗಿರಾಕಿಗಳು ಒಬ್ಬರ ಮೇಲೊಬ್ಬರು ಕೂಗುತ್ತಿದ್ದರು. ಕುಮಾರಸ್ವಾಮಿ ತಕ್ಕಡಿಗೆ ಜೋಳ ಸುರಿಯುತ್ತಿದ್ದ. ಸಾಲಿಯಿಂದ ಬಂದ ಹುಡುಗ ಚೀಲಗಳ ಸಂದಿಯಿಂದ ನುಗ್ಗಿ ಅವನ ಅಂಗಿ ಎಳೆದ.

"ಕಾಕಾ, ಸಾಲ್ಯಾಗ ನನ್ನ ಮುಂದ ಕುಂದ್ರಾಂವ ನನ್ನ ರಬ್ಬರ್ ಕಡದು ತಿನ್ನತಾನ."

ಸುತ್ತ ನಿಂತಿದ್ದವರು ಗೊಳ್ಳೆಂದು ನಕ್ಕರು. ಮಹಾಂತಯ್ಯನವರ ಬಾಯಿಗೂ ನಗು ಬಂದಿತ್ತು, ಹಲ್ಲು ಕಚ್ಚಿ ತಡೆದರು. ಕುಮಾರಸ್ವಾಮಿ ಕೈಯಲ್ಲಿದ್ದ ಜೋಳದ ಮೊರವನ್ನು ಹಾಗೇ ಕೆಳಗಿಟ್ಟ. ಗಿರಾಕಿಗಳಿಗೆ ತಡೀರಿ ಎಂದು ಕೈ ತೋರಿಸಿ, ಮಗನ ಎದುರಿಗೆ ಮೊಣಕಾಲೂರಿದ.

"ಯಾವಾಗಿಂದ?" ಎಂದು ಕೇಳಿದ.

ಹುಡುಗ ತಂದೆಯ ಮುಖವನ್ನು ಪರೀಕ್ಷೆ ಮಾಡುವವನಂತೆ ನೋಡಿದ. ತುಟಿ ನೋಡಿದ, ಕಣ್ಣು ನೋಡಿದ, ಮತ್ತೆ ತುಟಿ ನೋಡಿದ.

"ನಿನ್ನೆಯಿಂದ."

"ಇಡೀದ ತಿಂದನೇನು?"

"ಅರ್ಧಾ."

"ನಾ ಬರಲೇನು ಸಾಲಿಗೆ?"

ಹುಡುಗ ವಿಚಾರ ಮಾಡಿದ. "ಬ್ಯಾಡ ಬಿಡು. ಅವಗ ಹೊಟ್ಟಿ ಕಡದ್ರ ಗೊತ್ತಾಗತೈತಿ" ಎಂದ. ಹಾಗೆಂದು, ಚೀಲಗಳ ನಡುವೆ ನಿಂತು, ತಾನೇ ನಕ್ಕ.